ತುರ್ತು ಸಂಪರ್ಕದ ಕಾಲಂನಲ್ಲಿ ಇರುವವಳಿಂದ: ತೀರಿಕೊಂಡ ನನ್ನ ತಾಯಿಯ ಜಿಮ್ ಸದಸ್ಯತ್ವದ ಬಗ್ಗೆ ಒಂದು ಬಹಿರಂಗ ಪತ್ರ

ಮೈಸೂರು
12 ಮಾರ್ಚ್ 2026

ಗೆ,
ವ್ಯವಸ್ಥಾಪಕ ನಿರ್ದೇಶಕರು,
ನಮ್ಮ ಬಡಾವಣೆಯ ಜಿಮ್ಮನ್ನೂ ಇನ್ನೂ ಹಲವು ಊರುಗಳ ಜಿಮ್ಮುಗಳನ್ನೂ ನಡೆಸುತ್ತಿರುವ ಸಂಸ್ಥೆ

ಮಾನ್ಯರೇ,

ನನ್ನ ತಾಯಿ ನಿಮ್ಮ ಮೈಸೂರು ಶಾಖೆಯ ಸದಸ್ಯೆ. ಅವರು 2025ರ ಡಿಸೆಂಬರ್ 9ರಂದು ತೀರಿಕೊಂಡರು.

ಈ ಎರಡು ಮಾತನ್ನು ಮೂರು ತಿಂಗಳಲ್ಲಿ ನಿಮ್ಮ ಸಂಸ್ಥೆಯ ಹನ್ನೊಂದು ಜನರಿಗೆ ಹೇಳಿದ್ದೇನೆ. ಫೋನಿನಲ್ಲಿ ಏಳು ಜನ, ಎದುರೆದುರು ನಾಲ್ಕು ಜನ. ಇಮೇಲ್‌ಗೆ ಉತ್ತರ ಬರೆಯುವವರು ಮನುಷ್ಯರೋ ಯಂತ್ರವೋ ಗೊತ್ತಾಗದ ಕಾರಣ ಅವರನ್ನು ಲೆಕ್ಕಕ್ಕೆ ಹಿಡಿದಿಲ್ಲ. ಮೊದಲನೆಯ ಮಾತು ಎಲ್ಲರಿಗೂ ಅರ್ಥವಾಯಿತು. ಎರಡನೆಯದನ್ನು ಬರೆದುಕೊಳ್ಳಲು ನಿಮ್ಮಲ್ಲಿ ಜಾಗವೇ ಇರಲಿಲ್ಲ. ಸ್ಪೀಡ್ ಪೋಸ್ಟ್‌ನಲ್ಲಿ ನಿಮ್ಮ ಹೆಸರಿಗೇ ಎರಡು ಪತ್ರ ಕಳಿಸಿದೆ. ಎರಡೂ ತಲುಪಿವೆ ಎಂದು ಅಂಚೆಯವರು ಹೇಳುತ್ತಾರೆ, ನೀವು ಏನೂ ಹೇಳಿಲ್ಲ. ಆದ್ದರಿಂದ ಮೂರನೆಯದನ್ನು ಲಕೋಟೆಗೆ ಹಾಕದೆ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ಅಮ್ಮನ ವಿಷಯ ಸ್ವಲ್ಪ ಹೇಳಬೇಕು. ನಿಮ್ಮ ದಾಖಲೆಯಲ್ಲಿ ಅವಳು ಸ್ತ್ರೀ, ವಯಸ್ಸು 60, ಹನ್ನೊಂದು ಗಂಟೆಯ ಬ್ಯಾಚ್, ಅಷ್ಟೆ.

ಅಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತನಾಲ್ಕು ವರ್ಷ ಕನ್ನಡ, ಗಣಿತ ಹೇಳಿಕೊಟ್ಟವಳು. 2025ರ ಮೇ 31ಕ್ಕೆ ನಿವೃತ್ತಿ. ಶಾಲು, ಹಾರ, ಹಣ್ಣಿನ ಬುಟ್ಟಿ, ಗ್ರೂಪ್ ಫೋಟೊ ಎಲ್ಲ ಮುಗಿಸಿಕೊಂಡು ಮನೆಗೆ ಬಂದವಳು ಐದೇ ದಿನಕ್ಕೆ, ಜೂನ್ 5ರಂದು, ನಿಮ್ಮಲ್ಲಿಗೆ ಬಂದು ಹೆಸರು ಬರೆಸಿದಳು. ತೊಡೆಯ ಸ್ನಾಯು ಗಟ್ಟಿಯಾದರೆ ಮಂಡಿನೋವು ತಗ್ಗುತ್ತದೆ ಎಂದು ಮೂಳೆ ಡಾಕ್ಟರು ಹೇಳಿದ್ದು ನೆಪ. ನಿಜವಾದ ಕಾರಣ ಬೇರೆ ಇತ್ತೆಂದು ನನ್ನ ಅನುಮಾನ. ನನ್ನ ಅಜ್ಜ, ಅಂದರೆ ಅಮ್ಮನ ಅಪ್ಪ, ಮೈಸೂರಿನ ಹಳೆಯ ಗರಡಿಯೊಂದರ ಪೈಲ್ವಾನ. ದಸರಾ ಕುಸ್ತಿಗೆ ಅಖಾಡಕ್ಕೆ ಇಳಿದವನು. ಅವನಿಗೆ ಬಾದಾಮಿ ಹಾಲಿನ ಚೊಂಬು ಒಯ್ದು ಕೊಡುವುದು ಏಳೆಂಟು ವರ್ಷದ ಅಮ್ಮನ ಕೆಲಸ. ಅದೂ ಗರಡಿಯ ಬಾಗಿಲ ತನಕ. ಹೆಣ್ಣುಮಕ್ಕಳು ಮಟ್ಟಿ, ಅಂದರೆ ಕುಸ್ತಿಯಾಡುವ ಮಣ್ಣಿನ ಅಂಕಣ, ತುಳಿಯುವಂತಿಲ್ಲ. ಆ ತಗ್ಗು ಬಾಗಿಲಿಂದ ಬಗ್ಗಿ ನೋಡಿದರೆ ಕೆಮ್ಮಣ್ಣು, ಎಣ್ಣೆ ವಾಸನೆ, ಗೋಡೆಗೊರಗಿಸಿದ ಗದೆಗಳು ಕಾಣುತ್ತಿದ್ದವಂತೆ. ನಿಮ್ಮ ಶಾಖೆಗೆ ಸೇರಿದ ದಿನ ರಾತ್ರಿ ಫೋನ್ ಮಾಡಿ, 'ಒಳಗೆ ಹೋಗಿ ಬಂದೆ ಕಣೇ' ಅಂದಳು. ಬೇರೇನೂ ಹೇಳಲಿಲ್ಲ.

ಬದುಕಿನಲ್ಲಿ ಮೊದಲ ಸಲ ಸ್ಪೋರ್ಟ್ಸ್ ಬೂಟು ಕೊಂಡಳು, ನೀಲಿ ಬಣ್ಣದ್ದು. ಚೂಡಿದಾರದ ಕೆಳಗೆ ಬೂಟು ಹಾಕಿಕೊಂಡು ಬೀದಿಯಲ್ಲಿ ನಡೆಯಲು ನಾಚಿಕೆ, ಹಳೆಯ ವಿದ್ಯಾರ್ಥಿಗಳ ಅಪ್ಪ ಅಮ್ಮಂದಿರು ಸಿಗುತ್ತಾರೆ. ಹಾಗಾಗಿ ಚಪ್ಪಲಿ ಮೆಟ್ಟಿ ಬರುವುದು, ನಿಮ್ಮ ಲಾಕರಿನಲ್ಲಿಟ್ಟ ಬೂಟು ಹಾಕಿಕೊಳ್ಳುವುದು. ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಪ್ರತಿದಿನ ಮಾಡಿದ್ದನ್ನು ಬರೆಯುತ್ತಿದ್ದಳು. ಯಂತ್ರಗಳಿಗೆ ಅವಳೇ ಹೆಸರಿಟ್ಟಿದ್ದಳು: ಲೆಗ್ ಎಕ್ಸ್‌ಟೆನ್ಷನ್ ಅಂದರೆ 'ಕಾಲು ಚಾಚು', ಲ್ಯಾಟ್ ಪುಲ್‌ಡೌನ್ ಅಂದರೆ 'ಬಾವಿ ಸೇದು'. ಜೂನ್‌ನಲ್ಲಿ ಕಾಲು ಚಾಚು 5 ಕೆಜಿ, ಹತ್ತು ಸಲ. ನವೆಂಬರ್‌ನಲ್ಲಿ 15 ಕೆಜಿ, ಹನ್ನೆರಡು ಸಲ. ಅದೇ ತಿಂಗಳು ಚಾಮುಂಡಿ ಬೆಟ್ಟದ ಮೆಟ್ಟಿಲು ಹಿಡಿದು ನಂದಿಯ ತನಕ ಹತ್ತಿ, ನಂದಿಯ ಮುಂದೆ ನಿಂತು ಅಣ್ಣನಿಗೆ ವಿಡಿಯೊ ಕಾಲ್ ಮಾಡಿದಳು. ನಿಮ್ಮ ಜಿಮ್ ನನ್ನ ಅಮ್ಮನಿಗೆ ಒಳ್ಳೆಯದನ್ನೇ ಮಾಡಿತು. ಅದನ್ನು ಮರೆತು ಈ ಪತ್ರ ಬರೆಯುತ್ತಿಲ್ಲ.

ಲೆಕ್ಕದಲ್ಲಿ ಅವಳು ಎಂಥವಳೆಂದು ನಿಮ್ಮ ಶಾಖೆಗೆ ಗೊತ್ತು. ಒಂದು ವರ್ಷದ ಒಪ್ಪಂದ, ತಿಂಗಳಿಗೆ 1,500 ರೂಪಾಯಿ, ಮೇಲೆ ಶೇ 18 ಜಿಎಸ್‌ಟಿ, ಒಟ್ಟು 1,770. ಪ್ರತಿ ತಿಂಗಳ 5ಕ್ಕೆ ಯುಪಿಐ ಆಟೊಪೇ ಮೂಲಕ ತಾನಾಗಿ ಕಡಿತ. ಸೆಪ್ಟೆಂಬರ್ 22ರಿಂದ ಜಿಮ್ಮುಗಳ ಜಿಎಸ್‌ಟಿ ಶೇ 5ಕ್ಕೆ ಇಳಿಯಿತು. ಅಕ್ಟೋಬರ್ 5ಕ್ಕೆ ನೀವು ಕಡಿತ ಮಾಡಿದ್ದು ಮತ್ತೆ 1,770. ಅಮ್ಮ ಪೇಪರ್ ಕಟಿಂಗ್ ಹಿಡಿದು ಕೌಂಟರಿಗೆ ಹೋಗಿ, ಹೆಚ್ಚುವರಿ 195 ರೂಪಾಯಿಯನ್ನು ವಾಪಸು ಹಾಕಿಸಿಕೊಂಡು ಬಂದಳು. ನವೆಂಬರ್‌ನಿಂದ 1,575 ಆಯಿತು. ನಿಮ್ಮ ಹೊರಗಿನ ಬೋರ್ಡಿನ ಕಥೆಯೂ ಇದೇ ತರಹದ್ದು. ಅದರಲ್ಲಿ 'ಆಧುನಿಕ ವ್ಯಯಾಮ ಶಾಲೆ' ಎಂದಿದೆ, ದೀರ್ಘ ನುಂಗಿದ್ದಾರೆ. ಮೂರು ಸಲ ಹೇಳಿದಳು. 'ವ್ಯಯ ಮಾಡಿಸೋ ಶಾಲೆ ಅಂತ ಬರೆದುಕೊಂಡಿದ್ದಾರೆ, ನಿಜ ಹೇಳೋರ ಮೇಲೆ ಯಾಕೆ ಕೋಪ' ಎಂದು ಕೊನೆಗೆ ನಕ್ಕು ಸುಮ್ಮನಾದಳು. ಬೋರ್ಡು ಇವತ್ತೂ ಹಾಗೇ ಇದೆ.

ಡಿಸೆಂಬರ್ 6, ಶನಿವಾರ, ಬೆಳಿಗ್ಗೆ 11 ಗಂಟೆ 8 ನಿಮಿಷಕ್ಕೆ ನಿಮ್ಮ ಯಂತ್ರದ ಮೇಲೆ ಬೆರಳೊತ್ತಿದ್ದು ಅವಳ ಕೊನೆಯ ಹಾಜರಿ. ಸೋಮವಾರ ರಾತ್ರಿ ತಲೆನೋವು ಅಂದಳು. ಮೆದುಳಿನಲ್ಲಿ ರಕ್ತಸ್ರಾವ. ಮಂಗಳವಾರ ಸಂಜೆಗೆ ಮುಗಿದುಹೋಯಿತು. ಇದಕ್ಕೂ ನಿಮ್ಮ ಜಿಮ್ಮಿಗೂ ಯಾವ ಸಂಬಂಧವೂ ಇಲ್ಲ. ಇದನ್ನು ಸ್ಪಷ್ಟವಾಗಿ ಬರೆಯಲು ಕಾರಣವಿದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದ ಮೇಲೆ ಕರ್ನಾಟಕದಲ್ಲಿ ಜಿಮ್ ಎಂದರೆ ಮನೆಯವರ ಎದೆ ಒಂದು ಸಲ ಧಸಕ್ ಎನ್ನುತ್ತದೆ. ನಾನೂ ಅಮ್ಮನಿಗೆ ಇಸಿಜಿ ಮಾಡಿಸಿಯೇ ಕಳಿಸಿದ್ದೆ. ಜಿಮ್ಮಿನವರಿಗೂ ಆ ಭಯ ಇದೆ. ಡಿಸೆಂಬರ್ 16ಕ್ಕೆ ನಿಮ್ಮ ಕಾಲ್ ಸೆಂಟರಿಗೆ ಮೊದಲ ಸಲ ಫೋನ್ ಮಾಡಿ 'ತೀರಿಕೊಂಡರು' ಎಂದಾಗ ಆ ಕಡೆಯಿಂದ ಬಂದ ಮೊದಲ ಪ್ರಶ್ನೆ: 'ಎಲ್ಲಿ ಮೇಡಂ? ನಮ್ಮ ಬ್ರಾಂಚ್ ಒಳಗೆ ಅಲ್ಲ ತಾನೆ?' ಅಲ್ಲ ಎಂದೆ. ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ, 'ನೀವು ಆಥರೈಸ್ಡ್ ಪರ್ಸನ್ ಅಲ್ಲ, ಮೆಂಬರ್ ಕೈಲೇ ಫೋನ್ ಮಾಡಿಸಿ' ಅಂದರು.

ಸಿಟ್ಟು ಬರಲಿಲ್ಲ, ನಿಜವಾಗಿ. ಆ ಹುಡುಗಿ ಎದುರಿಗಿದ್ದ ಸಾಲನ್ನು ಓದುತ್ತಿದ್ದಾಳೆ ಎಂದು ಗೊತ್ತಾಗುತ್ತಿತ್ತು.

ಡಿಸೆಂಬರ್ 21, ಭಾನುವಾರ, ಅಮ್ಮನ ವೈಕುಂಠ ಸಮಾರಾಧನೆ. ಎಲೆ ಹಾಕಿ ಪಾಯಸ ಬಡಿಸುತ್ತಿರುವಾಗ ದೇವರ ಮನೆಯ ಪಕ್ಕದ ಗೂಡಿನಲ್ಲಿದ್ದ ಅವಳ ಫೋನು ಟಿಂಗ್ ಎಂದಿತು. ಚಿಕ್ಕಮ್ಮ ತೆಗೆದು ನೋಡಿ ನನ್ನ ಕೈಗೆ ಕೊಟ್ಟಳು. ನಿಮ್ಮ ಮೆಸೇಜ್: 'ಎರಡು ವಾರದಿಂದ ನಿಮ್ಮನ್ನು ಕಂಡಿಲ್ಲ! ನೋ ಎಕ್ಸ್‌ಕ್ಯೂಸಸ್! ನಾಳೆ ಬನ್ನಿ.' ಪಕ್ಕದಲ್ಲಿ ಡಂಬೆಲ್ ಎತ್ತುವ ಕೈಯ ಚಿತ್ರ. ಐದು ದಿನ ಮುಂಚೆಯಷ್ಟೇ ನಾನು ನಿಮಗೆ ವಿಷಯ ತಿಳಿಸಿದ್ದೆ.

ಮರಣ ಪ್ರಮಾಣಪತ್ರ ಕೈಗೆ ಬಂದದ್ದು ಜನವರಿ 2ಕ್ಕೆ. ಮರುದಿನವೇ ಅದರ ನಕಲು, ನನ್ನ ಆಧಾರ್, ಅಮ್ಮನ ರಸೀದಿಗಳು, ಅವಳ ಫೋನು ಎಲ್ಲ ಹಿಡಿದು ಶಾಖೆಗೆ ಹೋದೆ. ಅವಳಿಗೆ ಹೇಳಿಕೊಡುತ್ತಿದ್ದ ಟ್ರೈನರ್ ಹುಡುಗ ಅಲ್ಲೇ ಇದ್ದ. ಸುದ್ದಿ ಕೇಳಿ ಮನೆಗೂ ಬಂದು ಹೋಗಿದ್ದವನು. ಅವನೇ ಕಂಪ್ಯೂಟರಿನ ಮುಂದೆ ಕೂತು, ನನಗೂ ಕಾಣುವ ಹಾಗೆ ಪರದೆಯನ್ನು ತಿರುಗಿಸಿದ. ಸದಸ್ಯತ್ವ ಮುಕ್ತಾಯಕ್ಕೆ ಕಾರಣ ಆರಿಸಿ ಎಂದು ಒಂದು ಪಟ್ಟಿ ಇಳಿಯಿತು: ಊರು ಬದಲಾವಣೆ, ಗಾಯ, ಗರ್ಭಧಾರಣೆ, ಸೇವೆ ತೃಪ್ತಿಕರವಾಗಿಲ್ಲ, ಇತರೆ. ಅವನು ಪಟ್ಟಿಯನ್ನು ಮೇಲೆ ಕೆಳಗೆ ಎರಡು ಸಲ ಉರುಳಿಸಿ ನೋಡಿದ. ಏನೂ ಮಾತಾಡದೆ 'ಇತರೆ' ಒತ್ತಿದ. ಅಮ್ಮನ ಫೋನಿಗೆ ಓಟಿಪಿ ಬಂತು, ಓದಿ ಹೇಳಿದೆ. ಮುಂದಿನ ಪುಟದಲ್ಲಿ ಒಂದು ಹಸಿರು ಚೌಕ, ಕೆಳಗೆ ಒಂದು ಸಾಲು: ದೃಢೀಕರಿಸಲು ಸದಸ್ಯರು ಬೆರಳೊತ್ತಬೇಕು.

ಹುಡುಗ ಕೀಬೋರ್ಡಿನ ಮೇಲಿಂದ ಕೈ ತೆಗೆದ. 'ಅಕ್ಕಾ, ಸಿಸ್ಟಮ್‌ನಲ್ಲಿ ಇದನ್ನ ದಾಟೋಕೆ ಆಪ್ಷನ್ನೇ ಇಲ್ಲ' ಅಂದ. ಅವನ ಮೇಲೆ ನನಗೆ ದೂರಿಲ್ಲ. ಈ ಪತ್ರದ ನೆಪದಲ್ಲಿ ಅವನಿಗೆ ಮೆಮೊ ಕೊಟ್ಟೀರಿ, ಅದು ಬೇಡ.

ಮ್ಯಾನೇಜರ್ ಬಂದರು. ಮೂರು ದಾರಿ ತೋರಿಸಿದರು. ಒಂದು, ಮುಖ್ಯ ಕಚೇರಿಗೆ ಇಮೇಲ್ ಮಾಡಿ. ಎರಡು, 999 ರೂಪಾಯಿ ಟ್ರಾನ್ಸ್‌ಫರ್ ಶುಲ್ಕ ಕಟ್ಟಿದರೆ ಸದಸ್ಯತ್ವವನ್ನು ನನ್ನ ಹೆಸರಿಗೆ ಮಾಡಿಕೊಡುತ್ತಾರೆ, 'ನೀವೇ ಬಂದು ವರ್ಕೌಟ್ ಮಾಡಬಹುದು, ಅಮ್ಮನ ನೆನಪಿಗೂ ಆಯ್ತು.' ನಾನಿರುವುದು ಬೆಂಗಳೂರಿನಲ್ಲಿ ಎಂದೆ. ಹಾಗಾದರೆ ಮೂರನೆಯದು, ವೈದ್ಯಕೀಯ ಕಾರಣಕ್ಕೆ 60 ದಿನ ಫ್ರೀಜ್: 'ಸದ್ಯಕ್ಕೆ ಅಮ್ಮನ್ನ ಫ್ರೀಜ್ ಮಾಡಿಬಿಡೋಣ ಮೇಡಂ.' ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಅದು ನಿಮ್ಮ ಕೌಂಟರಿನ ದಿನನಿತ್ಯದ ಮಾತು. ಆದರೆ ಅಣ್ಣ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಿಂದ ಬರುವ ತನಕ ಅಮ್ಮನನ್ನು ನಡುಮನೆಯಲ್ಲಿ ಬಾಡಿಗೆಯ ಫ್ರೀಜರ್ ಪೆಟ್ಟಿಗೆಯಲ್ಲಿ ಮಲಗಿಸಿ, ಅದರ ಮೋಟರಿನ ಗುಂಯ್ ಶಬ್ದ ಕೇಳುತ್ತಾ ಎರಡು ರಾತ್ರಿ ಕಳೆದವಳು ನಾನು. ಅಲ್ಲಿಂದ ಎದ್ದು ಬಂದೆ.

ಎರಡು ದಿನ ಬಿಟ್ಟು ಜನವರಿ 5ಕ್ಕೆ 1,575 ರೂಪಾಯಿ ಕಡಿತವಾಯಿತು. ಆಟೊಪೇಯನ್ನು ಫೋನಿನಲ್ಲೇ ನಿಲ್ಲಿಸಬಹುದಿತ್ತಲ್ಲ ಎಂದು ನಿಮ್ಮ ಇಮೇಲ್ ಕೇಳುತ್ತದೆ. ಅದಕ್ಕೆ ಅಮ್ಮನ ಯುಪಿಐ ಪಿನ್ ಬೇಕು. ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಸತ್ತವರ ಪಿನ್ ಒತ್ತಿ ಅವರ ಖಾತೆಯಲ್ಲಿ ಕೈಯಾಡಿಸುವುದು ತಪ್ಪು. ಬ್ಯಾಂಕಿಗೆ ಪ್ರಮಾಣಪತ್ರ ಕೊಟ್ಟೆ ಜನವರಿ 7ಕ್ಕೆ. ಅವರು ಮೂಲ ನೋಡಿ, ನಕಲು ಇಟ್ಟುಕೊಂಡು, ಪಿಂಚಣಿಗೆ ತಿಳಿಸಿ, ಖಾತೆಯಿಂದ ಕಡಿತ ನಿಲ್ಲಿಸಿದರು. ಅರ್ಧ ಗಂಟೆಯ ಕೆಲಸ. ಅಡುಗೆ ಅನಿಲ, ವಿದ್ಯುತ್ತು, ಪೇಪರಿನವನು, ಹಾಲಿನವನು ಎಲ್ಲ ಕಡೆಯೂ ಅಮ್ಮ ಸತ್ತಿದ್ದಾಳೆ. ನಿಮ್ಮಲ್ಲಿ ಮಾತ್ರ ಅವಳಿನ್ನೂ ಸಕ್ರಿಯ ಸದಸ್ಯೆ.

ಫೆಬ್ರುವರಿ 5ರ ಕಂತು ಬೌನ್ಸ್ ಆಯಿತು. ಆಮೇಲೆ ನಡೆದದ್ದೇ ನನ್ನನ್ನು ಈ ಪತ್ರ ಬರೆಯಲು ಕೂರಿಸಿದ್ದು. ಫೆಬ್ರುವರಿ 11ಕ್ಕೆ ನನ್ನ ಫೋನಿಗೆ, ಅಮ್ಮನದಕ್ಕಲ್ಲ, ನನ್ನದಕ್ಕೆ, ನಿಮ್ಮ ವಸೂಲಿ ವಿಭಾಗದಿಂದ ಕರೆ ಬಂತು. ಒಂದು ಕಂತು ಬಾಕಿ, ದಂಡ 300, ಕಟ್ಟದಿದ್ದರೆ ಕಾನೂನು ಕ್ರಮ. ನನ್ನ ನಂಬರ್ ಎಲ್ಲಿಂದ ಸಿಕ್ಕಿತು ಎಂದು ಕೇಳಿದೆ. 'ನೀವು ಎಮರ್ಜೆನ್ಸಿ ಕಾಂಟ್ಯಾಕ್ಟ್ ಅಲ್ವಾ ಮೇಡಂ, ಫಾರಂನಲ್ಲಿ ಇದೆ' ಅಂದರು.

ಹೌದು, ಇದೆ. ಅಮ್ಮನ ದುಂಡು ಅಕ್ಷರದಲ್ಲಿ: ತುರ್ತು ಸಂಪರ್ಕ, ಹೆಸರು, ಮುಂದೆ 'ಮಗಳು'. ಸದಸ್ಯತ್ವ ರದ್ದು ಮಾಡಿ ಎಂದು ಕೇಳಿದಾಗ ನಾನು ಯಾರೂ ಅಲ್ಲ. ಬಾಕಿ ಕೇಳುವಾಗ ನಾನು ಅವಳ ಮಗಳು. ಮಾರ್ಚ್ 5ರ ಕಂತೂ ಸೇರಿ ಈಗ ನಿಮ್ಮ ಲೆಕ್ಕದಲ್ಲಿ 3,150 ಬಾಕಿ, 600 ದಂಡ, ಒಟ್ಟು 3,750 ರೂಪಾಯಿಗೆ ನಾನು ಮಗಳು.

ಆ ಫಾರಂ ಅನ್ನು ಆಗ ಪೂರ್ತಿ ಓದಿದೆ. ಐದು ಪುಟ, ಸಣ್ಣ ಅಕ್ಷರ. 'ಮರಣ' ಎಂಬ ಪದ ಅದರಲ್ಲಿ ಒಂದೇ ಒಂದು ಸಲ ಬರುತ್ತದೆ. ಸದಸ್ಯರ ಗಾಯ, ಅಂಗವೈಕಲ್ಯ ಅಥವಾ ಮರಣಕ್ಕೆ ಕಂಪನಿ ಹೊಣೆಯಲ್ಲ ಎಂಬಲ್ಲಿ. ಮಾನ್ಯರೇ, ಸದಸ್ಯರು ಸಾಯಬಹುದು ಎಂಬುದು ನಿಮಗೆ ಹೊಳೆದೇ ಇರಲಿಲ್ಲ ಎಂದು ಇಷ್ಟು ದಿನ ನಾನು ಅಂದುಕೊಂಡಿದ್ದೆ. ಹೊಳೆದಿದೆ. ವಕೀಲರನ್ನು ಕೂರಿಸಿಕೊಂಡು ಯೋಚಿಸಿದ್ದೀರಿ. ಸಾವು ಬಂದರೆ ನಿಮ್ಮ ಮೇಲೆ ಏನು ಬೀಳಬಾರದು ಎಂಬುದನ್ನು ಪೂರ್ತಿ ಬರೆದು, ಮನೆಯವರು ಬಂದು ಕೌಂಟರಿನ ಮುಂದೆ ನಿಂತರೆ ಏನು ಮಾಡಬೇಕು ಎಂಬಲ್ಲಿಗೆ ಪೆನ್ನು ಮುಚ್ಚಿದ್ದೀರಿ.

ನಿಮ್ಮ ಮುಖ್ಯ ಕಚೇರಿಯ ಇಮೇಲ್‌ಗೆ ಬರುತ್ತೇನೆ. 'ವಾರ್ಷಿಕ ಒಪ್ಪಂದಕ್ಕೆ ಲಾಕ್-ಇನ್ ಇದೆ. ಒಪ್ಪಂದ ಕಾಯ್ದೆಯ ಪ್ರಕಾರ ಸದಸ್ಯರ ಉತ್ತರಾಧಿಕಾರಿಗಳೂ ಬದ್ಧರು' ಎಂದು ಬರೆದಿದ್ದೀರಿ. ಲಾಕ್-ಇನ್ ಅಂದರೆ ಅವಧಿ ಮುಗಿಯುವ ತನಕ ನಡುವೆ ಬಿಡುವಂತಿಲ್ಲ. ನಾನು ವಕೀಲೆಯಲ್ಲ, ಆದರೆ ಮೇಷ್ಟ್ರಮ್ಮನ ಮಗಳು. ಪಾಠ ಹೇಳಿದವರು ಯಾವ ಪುಟದಿಂದ ಹೇಳಿದರು ಎಂದು ತೆಗೆದು ನೋಡುವ ಚಾಳಿ ಇದೆ. 1872ರ ಭಾರತೀಯ ಒಪ್ಪಂದ ಕಾಯ್ದೆಯ 37ನೇ ಸೆಕ್ಷನ್ನಿನಲ್ಲಿ ನೀವು ಹೇಳಿದ್ದು ಇದೆ. ಆದರೆ ಒಪ್ಪಂದದಿಂದಲೇ ಬೇರೆ ಉದ್ದೇಶ ಕಂಡುಬಂದರೆ ಹಾಗಲ್ಲ ಎಂದು ಅದೇ ವಾಕ್ಯದಲ್ಲಿ ಇದೆ. ಕೆಳಗೆ ಎರಡು ಉದಾಹರಣೆಗಳೂ ಇವೆ, ನಿಮ್ಮವರು ಮೊದಲನೆಯದನ್ನು ಓದಿ ಪುಸ್ತಕ ಮುಚ್ಚಿರಬೇಕು. ಮೊದಲನೆಯದು ಸರಕಿನದು: ಸಾವಿರ ರೂಪಾಯಿಗೆ ಸರಕು ಒಪ್ಪಿಸುತ್ತೇನೆ ಎಂದವನು ಸತ್ತರೆ ಅವನ ವಾರಸುದಾರರು ಒಪ್ಪಿಸಬೇಕು, ಕೊಳ್ಳುವವನು ಅವರಿಗೆ ಹಣ ಕೊಡಬೇಕು. ಎರಡನೆಯದು ಚಿತ್ರಗಾರನದು: ಇಂಥ ದಿನಕ್ಕೆ ಚಿತ್ರ ಬರೆದುಕೊಡುತ್ತೇನೆ ಎಂದವನು ಅಷ್ಟರಲ್ಲಿ ಸತ್ತರೆ, ಆ ಒಪ್ಪಂದವನ್ನು ಅವನ ಕಡೆಯವರೂ ಜಾರಿ ಮಾಡಿಸುವಂತಿಲ್ಲ, ಎದುರಿನವನೂ ಮಾಡಿಸುವಂತಿಲ್ಲ. ಯಾಕೆಂದರೆ ಆ ಕೈ ಇನ್ನಿಲ್ಲ. ಅಮ್ಮ ನಿಮ್ಮಿಂದ ಅಕ್ಕಿ ಮೂಟೆ ಕೊಂಡಿರಲಿಲ್ಲ. ಅವಳ ಮಂಡಿಗೆ, ಅವಳ ತೊಡೆಗೆ, ಬೆರಳೊತ್ತಿ ಒಳಗೆ ಬರುವ ಅವಳೊಬ್ಬಳಿಗೇ ಸಲ್ಲುವ ಸೇವೆ ಅದು. ಅವಳ ಬೆರಳೇ ಬೇಕೆಂದು ಹಟ ಹಿಡಿದಿರುವವರು ನೀವೇ ಅಲ್ಲವೆ? ಸದಸ್ಯತ್ವ ಅಷ್ಟು ವೈಯಕ್ತಿಕವಾದರೆ ಅದು ಅವಳೊಂದಿಗೆ ಹೋಯಿತು. ಯಾರ ತಲೆಗಾದರೂ ಕಟ್ಟಬಹುದಾದ್ದಾದರೆ ಬೆರಳು ಯಾಕೆ ಕೇಳುತ್ತೀರಿ? ಎರಡರಲ್ಲಿ ಒಂದು ಹೇಳಿ.

ಇನ್ನೂ ಒಂದು ಪುಟ ಮುಂದೆ ಹೋದರೆ 56ನೇ ಸೆಕ್ಷನ್ ಸಿಗುತ್ತದೆ. ನಡೆಸಲು ಅಸಾಧ್ಯವಾದ ಒಪ್ಪಂದ ಅಲ್ಲಿಗೇ ಅನೂರ್ಜಿತ. ಹಾಗೆ ಅನೂರ್ಜಿತವಾದಾಗ ಕೈಗೆ ಬಂದಿದ್ದ ಲಾಭವನ್ನು ಹಿಂತಿರುಗಿಸಬೇಕು ಎನ್ನುತ್ತದೆ 65ನೆಯದು. ಅಮ್ಮ ಅಕ್ಟೋಬರ್‌ನಲ್ಲಿ ಟ್ರೈನರ್ ತರಗತಿಗೆಂದು ತೆರಿಗೆ ಸೇರಿ 6,000 ಮುಂಗಡ ಕಟ್ಟಿದ್ದಳು, ಹನ್ನೆರಡು ತರಗತಿ. ನೋಟ್‌ಬುಕ್ಕಿನ ಪ್ರಕಾರ ನಾಲ್ಕು ಆಗಿವೆ, ನಿಮ್ಮ ಆ್ಯಪ್ ಪ್ರಕಾರವೂ ನಾಲ್ಕೇ. ಉಳಿದ ಎಂಟಕ್ಕೆ 4,000 ರೂಪಾಯಿ ನಿಮ್ಮಲ್ಲಿದೆ.

ನಾನು ಕೇಳಲು ಯಾರು ಎಂಬ ಪ್ರಶ್ನೆಗೂ ಉತ್ತರ ಸಿಕ್ಕಿದೆ. 2020ರ ಜುಲೈ 20ರಿಂದ ಜಾರಿಯಲ್ಲಿರುವ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರ ಎಂದರೆ ಯಾರು ಎಂದು ವಿವರಿಸುವಾಗ, ಗ್ರಾಹಕ ಮೃತಪಟ್ಟಿದ್ದರೆ ಅವರ ಕಾನೂನುಬದ್ಧ ವಾರಸುದಾರ ಎಂದೇ ಸೇರಿಸಿದ್ದಾರೆ. ಕಾಯ್ದೆ ಬರೆದವರಿಗೆ ಗ್ರಾಹಕರು ಸಾಯುತ್ತಾರೆ ಎಂದು ಗೊತ್ತಿತ್ತು, ಸತ್ತ ಮೇಲೆ ಯಾರೋ ಒಬ್ಬರು ರಸೀದಿ ಹಿಡಿದು ಬರುತ್ತಾರೆ ಎಂದೂ ಗೊತ್ತಿತ್ತು. ಇನ್ನು ನಿಮ್ಮ ಆ್ಯಪ್. ಸೇರಲು ಮೂರು ಸಲ ಒತ್ತಿದರೆ ಸಾಕು, ಬಿಡಲು ಗುಂಡಿಯೇ ಇಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು 'ಡಾರ್ಕ್ ಪ್ಯಾಟರ್ನ್' ಎನ್ನುವ ಕಣ್ಕಟ್ಟುಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಪಟ್ಟಿ ಮಾಡಿದ ಹದಿಮೂರರಲ್ಲಿ ಒಂದು, ಚಂದಾ ರದ್ದತಿಯನ್ನು ಅಸಾಧ್ಯವಾಗಿಸುವುದು ಅಥವಾ ಸುತ್ತುಬಳಸಾಗಿಸುವುದು. ನಿಮ್ಮ ಹಸಿರು ಚೌಕ ನೆನಪಾಯಿತು.

ನಿಮ್ಮ ಕಷ್ಟವೂ ನನಗೆ ಅರ್ಥವಾಗುತ್ತದೆ. ಜನವರಿಯಲ್ಲಿ ಹುರುಪಿನಿಂದ ಸೇರಿ ಮಾರ್ಚ್‌ಗೆ ತಪ್ಪಿಸಿಕೊಳ್ಳಲು ನೆಪ ಹುಡುಕುವವರು ಇದ್ದಾರೆ. ಊರು ಬದಲಾಯಿತೆಂದು ಸುಳ್ಳು ಹೇಳಿ ಪಕ್ಕದ ರಸ್ತೆಯ ಜಿಮ್ಮಿಗೆ ಸೇರುವವರೂ ಇದ್ದಾರೆ; ನನ್ನ ಸಹೋದ್ಯೋಗಿಯೊಬ್ಬ ಹಾಗೆ ಮಾಡಿದ್ದನ್ನು ಸ್ವತಃ ಕೇಳಿ ನಕ್ಕಿದ್ದೇನೆ. ಲಾಕ್-ಇನ್ ಇಲ್ಲದಿದ್ದರೆ ಬಾಡಿಗೆ, ಸಂಬಳ, ಯಂತ್ರದ ಸಾಲ ನಡೆಯುವುದಿಲ್ಲ. ಆದರೆ ಸಾವಿಗೆ ಸರ್ಕಾರ ಕಾಗದ ಕೊಡುತ್ತದೆ. ಇಪ್ಪತ್ತೊಂದು ದಿನದೊಳಗೆ ನೋಂದಣಿ ಮಾಡಿಸಬೇಕೆಂಬ ಕಾನೂನು ಇದೆ, ಕಾಗದದ ಮೇಲೆ ನೋಂದಣಿ ಸಂಖ್ಯೆ ಇದೆ. 1,575 ರೂಪಾಯಿ ಉಳಿಸಲು ಯಾರೂ ಅಮ್ಮನ ಹೆಸರಿನಲ್ಲಿ ಅದನ್ನು ಮಾಡಿಸುವುದಿಲ್ಲ. ಲಕ್ಷಗಟ್ಟಲೆ ದುಡ್ಡಿನ ವ್ಯವಹಾರ ಮಾಡುವ ಬ್ಯಾಂಕುಗಳಿಗೇ ರಿಸರ್ವ್ ಬ್ಯಾಂಕ್ ಕಳೆದ ಸೆಪ್ಟೆಂಬರ್‌ನಲ್ಲಿ ನಿರ್ದೇಶನ ಕೊಟ್ಟಿದೆ: ಮೃತ ಗ್ರಾಹಕರ ಖಾತೆಯ ಹಣವನ್ನು ದಾಖಲೆ ಪೂರ್ತಿ ಸಿಕ್ಕ ಹದಿನೈದು ದಿನದೊಳಗೆ ಇತ್ಯರ್ಥ ಮಾಡಬೇಕು. ಇದೇ ಮಾರ್ಚ್ 31ರೊಳಗೆ ಎಲ್ಲ ಬ್ಯಾಂಕುಗಳೂ ಅದಕ್ಕೆ ಹೊಂದಿಕೊಳ್ಳಬೇಕು. ನಿಮ್ಮ ಕೈಗೆ ನಾನು ಕಾಗದ ಕೊಟ್ಟು ಅರವತ್ತೆಂಟು ದಿನವಾಯಿತು.

ಅಣ್ಣ ಅಲ್ಲಿನ ಕಾನೂನು ಹುಡುಕಿ ಕಳಿಸಿದ. ಕ್ಯಾಲಿಫೋರ್ನಿಯಾದ ಸಿವಿಲ್ ಕೋಡ್‌ನಲ್ಲಿ ಜಿಮ್ಮುಗಳಿಗೆಂದೇ ಒಂದು ನಿಯಮ ಇದೆಯಂತೆ: ಸದಸ್ಯರು ಸತ್ತರೆ ಅಥವಾ ಅಂಗವಿಕಲರಾದರೆ, ಪಡೆಯದ ಸೇವೆಗೆ ಅವರೂ ಕೊಡಬೇಕಾಗಿಲ್ಲ, ಅವರ ಆಸ್ತಿಯಿಂದಲೂ ಕೊಡಬೇಕಾಗಿಲ್ಲ ಎಂಬ ಮಾತು ಒಪ್ಪಂದದ ಒಳಗೇ ಇರಬೇಕು. ಅಲ್ಲಿ ಅದನ್ನು ಕಾನೂನು ಹೇಳಿ ಬರೆಸಬೇಕಾಯಿತು. ಇಲ್ಲಿ ನೀವಾಗಿಯೇ ಬರೆಯಬಹುದು. ನಮ್ಮ ರಾಜ್ಯದ ಆಹಾರ, ನಾಗರಿಕ ಸರಬರಾಜು ಮತ್ತು ಗ್ರಾಹಕರ ವ್ಯವಹಾರಗಳ ಇಲಾಖೆಯವರು ಇದನ್ನು ಓದಿದರೆ, ಅವರೂ ಎಲ್ಲ ಜಿಮ್ಮುಗಳಿಗೆ ಇಂಥದ್ದೊಂದು ಸಾಲಿನ ಮಾದರಿ ಕಳಿಸಬಹುದು.

ಲಾಕರ್ ವಿಷಯವನ್ನು ಬೇಕೆಂದೇ ಕೊನೆಗಿಟ್ಟೆ. ಅಜ್ಜ ಸತ್ತಾಗ ಅಮ್ಮನಿಗೆ ಹತ್ತೊಂಬತ್ತು. ಹೆಣ ಎತ್ತುವ ಮುಂಚೆ ಗರಡಿಯ ಉಸ್ತಾದರು ನಾಲ್ಕು ಹುಡುಗರ ಜೊತೆ ಬಂದರಂತೆ. ಅವನು ತಿರುಗಿಸುತ್ತಿದ್ದ ಗದೆಯನ್ನು ಒರೆಸಿ ತಂದಿದ್ದರು, ಒಂದು ಬಟ್ಟೆಯಲ್ಲಿ ಮಟ್ಟಿಯ ಮಣ್ಣನ್ನೂ. ಗದೆ ನಮ್ಮ ಮನೆಯ ಮೂಲೆಯಲ್ಲಿ ಇವತ್ತೂ ಇದೆ. ಅಮ್ಮನ ಲಾಕರಿನಲ್ಲಿ ನೀಲಿ ಬೂಟು, ಒಂದು ಟವಲ್ಲು, ಸ್ಟೀಲ್ ಬಾಟಲಿ ಇವೆ. ಮಾಸ್ಟರ್ ಕೀ ನಿಮ್ಮ ಮ್ಯಾನೇಜರ ಡ್ರಾಯರಿನಲ್ಲಿದೆ, ನನ್ನೆದುರಿಗೇ ತೆಗೆದು ತೋರಿಸಿ ಮತ್ತೆ ಒಳಗಿಟ್ಟರು. ಸದಸ್ಯತ್ವ ಚಾಲ್ತಿಯಲ್ಲಿರುವ ತನಕ ಬೇರೆಯವರಿಗೆ ಲಾಕರ್ ತೆಗೆಯುವಂತಿಲ್ಲ, ಪ್ರೈವಸಿ ಪಾಲಿಸಿ. ಸದಸ್ಯತ್ವ ಮುಗಿಸಬೇಕಾದರೆ ಸದಸ್ಯರೇ ಬರಬೇಕು. ಆ ಕೀಲಿಕೈಗೂ ಲಾಕರಿಗೂ ನಡುವೆ ಹತ್ತು ಹೆಜ್ಜೆ. ಅದಕ್ಕಾಗಿ ನಾನು ಬೆಂಗಳೂರಿನಿಂದ ನಾಲ್ಕು ಸಲ ಬಂದು ಹೋಗಿದ್ದೇನೆ. ಅಮ್ಮನ ಫೋನನ್ನು ದಿನವೂ ರಾತ್ರಿ ಚಾರ್ಜಿಗೆ ಹಾಕುತ್ತೇನೆ, ಸಿಮ್‌ಗೆ ರೀಚಾರ್ಜ್ ಮಾಡಿಸುತ್ತೇನೆ, ನಿಮ್ಮ ಇನ್ನೊಂದು ಓಟಿಪಿ ಯಾವಾಗ ಬೇಕಾಗುತ್ತದೋ ಎಂದು. ಅದಕ್ಕೆ ಬರುವುದು ಮಾತ್ರ 'ನಾಳೆ ಬನ್ನಿ.'

ಕೇಳಬೇಕಾದ್ದು ಇಷ್ಟು. ಅಮ್ಮನ ಸದಸ್ಯತ್ವವನ್ನು 2025ರ ಡಿಸೆಂಬರ್ 9ಕ್ಕೆ ಮುಗಿದದ್ದಾಗಿ ನಮೂದಿಸಿ, ಲಿಖಿತ ಪತ್ರ ಕೊಡಿ. 3,750 ರೂಪಾಯಿಯ ಬಾಕಿಯನ್ನು ಹಿಂತೆಗೆದುಕೊಂಡು ವಸೂಲಿಯವರ ಪಟ್ಟಿಯಿಂದ ನನ್ನ ನಂಬರ್ ತೆಗೆಯಿರಿ. ಜನವರಿಯ ಕಂತು 1,575, ಆಗದ ಎಂಟು ತರಗತಿಯ 4,000, ಒಟ್ಟು 5,575 ರೂಪಾಯಿ ಹಿಂತಿರುಗಿಸಿ. ಡಿಸೆಂಬರ್ ಕಂತಿನಲ್ಲಿ ಉಳಿದ ದಿನಗಳ ದುಡ್ಡು ನಾನು ಕೇಳುತ್ತಿಲ್ಲ; ಅಮ್ಮ ಆಗಿದ್ದರೆ ದಿನ ಎಣಿಸಿ ಕೇಳುತ್ತಿದ್ದಳು. ಆ ಮೆಸೇಜುಗಳನ್ನು ಇವತ್ತೇ ನಿಲ್ಲಿಸಿ.

ನನ್ನ ನಂತರ ಬರುವವರಿಗಾಗಿಯೂ ಸ್ವಲ್ಪ ಕೇಳುತ್ತೇನೆ. ಆ ಇಳಿಯುವ ಪಟ್ಟಿಯಲ್ಲಿ 'ಗರ್ಭಧಾರಣೆ'ಯ ಕೆಳಗೆ 'ಮರಣ' ಎಂದು ಒಂದು ಸಾಲು ಸೇರಿಸಿ, ಅದನ್ನು ಒತ್ತಿದರೆ ಬೆರಳು ಕೇಳದೆ ಪ್ರಮಾಣಪತ್ರ ಕೇಳುವಂತೆ ಮಾಡಿ. ನಿಮ್ಮ ಸಾಫ್ಟ್‌ವೇರಿನವರಿಗೆ ಒಂದು ಮಧ್ಯಾಹ್ನದ ಕೆಲಸ. ಪ್ರಮಾಣಪತ್ರ ತಂದವರಿಗೆ ಅದೇ ದಿನ ಲಾಕರ್ ತೆಗೆದುಕೊಡಲು ಮ್ಯಾನೇಜರಿಗೆ ಅಧಿಕಾರ ಕೊಡಿ. ತುರ್ತು ಸಂಪರ್ಕ ಎಂದು ಹೆಸರು ಬರೆಸಿಕೊಂಡ ಮೇಲೆ, ಆ ತುರ್ತು ಬಂದ ದಿನ ಆ ಹೆಸರಿನವರ ಮಾತು ಕೇಳಿ. ಕಾಲ್ ಸೆಂಟರಿನ ಆ ಹುಡುಗಿಗೆ ಓದಲು ಬೇರೆ ಒಂದು ಸಾಲು ಬರೆದುಕೊಡಿ, 'ಎಲ್ಲಿ ಮೇಡಂ' ಅನ್ನುವುದಕ್ಕಿಂತ ಮೊದಲು ಹೇಳುವಂಥದ್ದು.

ಮಾರ್ಚ್ 27ರ ತನಕ ಕಾಯುತ್ತೇನೆ. ಉತ್ತರ ಬಾರದಿದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತೇನೆ, ಆಮೇಲೆ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ. ಐದು ಲಕ್ಷದ ಒಳಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ. 195 ರೂಪಾಯಿಗೆ ಪೇಪರ್ ಕಟಿಂಗ್ ಹಿಡಿದು ಬಂದವಳ ಮಗಳು, ದಯವಿಟ್ಟು ಬೆದರಿಕೆ ಅಂದುಕೊಳ್ಳಬೇಡಿ.

ಬೋರ್ಡಿಗೆ ದೀರ್ಘ ಹಾಕಿಸಿದರೂ ಸಂತೋಷ. ಲಾಕರ್ ಮಾತ್ರ ಬೇಗ ತೆಗೆಯಿರಿ. ಬಾಟಲಿಯ ಬುಡದಲ್ಲಿ, ನಮ್ಮ ಮನೆಯ ಎಲ್ಲ ಪಾತ್ರೆಗಳ ಮೇಲಿರುವಂತೆ, ಪಾತ್ರೆ ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಕೊರೆದ ಅವಳ ಹೆಸರಿದೆ. ಯಾರದ್ದೆಂದು ತಿಳಿಯಲು ಬೆರಳು ಬೇಕಾಗುವುದಿಲ್ಲ.

ಇಂತಿ ನಿಮ್ಮ ವಿಶ್ವಾಸಿ,
ತುರ್ತು ಸಂಪರ್ಕ, ಮಗಳು